ಮೊದಲ ವರ್ಷದ ವಿದ್ಯಾರ್ಥಿವೇತನ ಮುಂದಿನ ವರ್ಷವೂ ಬರುವುದೇ?

ಸಾಗರ: ಸಾಗರದ ಲಾಲ್ ಬಹದ್ದೂರ್ ಕಾಲೇಜು, ಹೊಸನಗರದ ಕೊಡಚಾದ್ರಿ ಸರ್ಕಾರಿ ಪ್ರಥಮ ದರ್ಜೆ ಕಾಲೇಜು, ತೀರ್ಥಹಳ್ಳಿಯ ತುಂಗಾ ಮಹಾವಿದ್ಯಾಲಯಗಳಿಗೆ ಸುತ್ತಲಿನ ಹಳ್ಳಿಗಳಿಂದ ಬರುವ ಅನೇಕ ವಿದ್ಯಾರ್ಥಿಗಳಿಗೆ ಬಸ್ ಪಾಸು, ಪುಸ್ತಕ, ಪರೀಕ್ಷಾ ಶುಲ್ಕಗಳಿಗೆ ವಿದ್ಯಾರ್ಥಿವೇತನವೇ ಆಧಾರ. ಮೊದಲ ವರ್ಷ ಹಣ ಜಮೆಯಾದರೆ ಪದವಿ ಮುಗಿಯುವವರೆಗೂ ಅದು ತಾನಾಗಿಯೇ ಬರುತ್ತದೆ ಎಂದು ಪೋಷಕರು ಭಾವಿಸುವುದುಂಟು. ವಾಸ್ತವ ಹಾಗಿಲ್ಲ. ಬಹುತೇಕ ಯೋಜನೆಗಳಲ್ಲಿ ಮಂಜೂರಾತಿ ಒಂದು ಶೈಕ್ಷಣಿಕ ವರ್ಷಕ್ಕೆ ಸೀಮಿತ. ಪ್ರತಿ ವರ್ಷವೂ ಅರ್ಹತೆ ಮತ್ತೆ ಪರಿಶೀಲನೆಗೆ ಒಳಪಡುತ್ತದೆ.

ಅಂಕ ಮತ್ತು ಹಾಜರಾತಿ

ದ್ವಿತೀಯ ಪಿಯುಸಿಯಲ್ಲಿ ಉನ್ನತ ಅಂಕ ಗಳಿಸಿದವರಿಗೆ ಕೇಂದ್ರ ಶಿಕ್ಷಣ ಸಚಿವಾಲಯ ನೀಡುವ ವಿದ್ಯಾರ್ಥಿವೇತನ ಇದಕ್ಕೆ ಉತ್ತಮ ನಿದರ್ಶನ. ಕುಟುಂಬದ ವಾರ್ಷಿಕ ಆದಾಯ 4.5 ಲಕ್ಷ ರೂಪಾಯಿ ಮೀರಿರಬಾರದು. ಪದವಿಯ ಮೂರು ವರ್ಷ ತಲಾ 12,000 ರೂ., ಸ್ನಾತಕೋತ್ತರ ಹಂತದಲ್ಲಿ ವರ್ಷಕ್ಕೆ 20,000 ರೂ. ದೊರೆಯುತ್ತದೆ. ಆದರೆ ನವೀಕರಣಕ್ಕೆ ಹಿಂದಿನ ವರ್ಷ ಕನಿಷ್ಠ ಶೇ 50 ಅಂಕ ಹಾಗೂ ಶೇ 75 ಹಾಜರಾತಿ ಕಡ್ಡಾಯ. ಪಿಯುಸಿಯಲ್ಲಿ ಎಷ್ಟೇ ಅಂಕ ಪಡೆದಿದ್ದರೂ ಕಾಲೇಜಿನಲ್ಲಿ ಹಿಂದೆ ಬಿದ್ದರೆ ನೆರವು ನಿಲ್ಲುತ್ತದೆ.

ಮೊತ್ತ ಬದಲಾಗುವುದೇಕೆ?

ಪರಿಶಿಷ್ಟ ಜಾತಿ ವಿದ್ಯಾರ್ಥಿಗಳ ಮೆಟ್ರಿಕ್ ನಂತರದ ಯೋಜನೆಯಲ್ಲಿ ಆದಾಯ ಮಿತಿ 2.5 ಲಕ್ಷ ರೂ. ಇದರ ವೆಚ್ಚವನ್ನು ಕೇಂದ್ರ ಮತ್ತು ರಾಜ್ಯ 60:40ರ ಪ್ರಮಾಣದಲ್ಲಿ ಭರಿಸುತ್ತವೆ. 2021ರ ಕೇಂದ್ರ ಮಾರ್ಗಸೂಚಿಯು ಸಾಮಾನ್ಯ ಪದವಿ ವಿದ್ಯಾರ್ಥಿಗೆ ವಾರ್ಷಿಕ ಶೈಕ್ಷಣಿಕ ಭತ್ಯೆಯನ್ನು ಹಾಸ್ಟೆಲ್‌ನಲ್ಲಿದ್ದರೆ 6,000 ರೂ., ಮನೆಯಿಂದ ಓಡಾಡುವವರಿಗೆ 3,000 ರೂ. ಎಂದು ನಿಗದಿಪಡಿಸಿತು. ಅಂದರೆ ಎರಡನೇ ವರ್ಷ ಹಾಸ್ಟೆಲ್ ಬಿಟ್ಟವರ ಭತ್ಯೆ ಅರ್ಧಕ್ಕಿಳಿಯುತ್ತದೆ.

2021ರಲ್ಲಿ ಆರಂಭವಾದ ರೈತ ವಿದ್ಯಾನಿಧಿಯಲ್ಲಿ ಮೊತ್ತವು ಕೋರ್ಸಿಗೆ ಅನುಗುಣವಾಗಿತ್ತು: ಪಿಯುಸಿ ಬಾಲಕರಿಗೆ 2,500, ಬಾಲಕಿಯರಿಗೆ 3,000, ಬಿ.ಎ., ಬಿ.ಎಸ್ಸಿ., ಬಿ.ಕಾಂ. ಓದುವವರಿಗೆ ಕ್ರಮವಾಗಿ 5,000 ಮತ್ತು 5,500 ರೂ. ರೈತರ ‘ಫ್ರೂಟ್ಸ್’ ಗುರುತಿನ ಸಂಖ್ಯೆಯೇ ಇದಕ್ಕೆ ಆಧಾರವಾಗಿದ್ದರಿಂದ, ತೋಟದ ಪಹಣಿ ಇನ್ನೂ ಅಜ್ಜನ ಹೆಸರಿನಲ್ಲೇ ಉಳಿದ ಮಲೆನಾಡಿನ ಅವಿಭಕ್ತ ಕುಟುಂಬಗಳಿಗೆ ದಾಖಲೆಯ ತೊಡಕು ಎದುರಾಗುವುದು ಸಹಜ.

ಗಮನಿಸಬೇಕಾದ ಅಂಶಗಳು

* ರಾಜ್ಯದ ಯೋಜನೆಗಳಿಗೆ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಪ್ರತಿ ವರ್ಷ ಅರ್ಜಿ ಸಲ್ಲಿಸಬೇಕು. ಕೇಂದ್ರದ ಯೋಜನೆಗಳಿಗೆ ಎನ್‌ಎಸ್‌ಪಿಯಲ್ಲಿ ನವೀಕರಣ ಅರ್ಜಿ ಭರ್ತಿ ಮಾಡಬೇಕು. ಕಾಲೇಜಿನವರು ಅದನ್ನು ಪರಿಶೀಲಿಸಿದ ಮೇಲಷ್ಟೇ ಅರ್ಜಿ ಮುಂದೆ ಸಾಗುತ್ತದೆ.
* ಆದಾಯ ಪ್ರಮಾಣಪತ್ರಕ್ಕೆ ಅವಧಿ ಇರುತ್ತದೆ. ಅದು ಪದವಿಯ ನಡುವೆ ಮುಗಿಯುವುದಾದರೆ ನಾಡಕಚೇರಿಯಲ್ಲಿ ಮುಂಚಿತವಾಗಿಯೇ ಹೊಸದನ್ನು ಪಡೆಯಬೇಕು. ಹೊಸ ಪ್ರಮಾಣಪತ್ರದಲ್ಲಿ ಆದಾಯ ಮಿತಿ ಮೀರಿದ್ದರೆ ಅರ್ಹತೆ ತಪ್ಪುತ್ತದೆ.
* ಹಣ ಸಂದಾಯವಾಗುವುದು ಆಧಾರ್‌ಗೆ ಜೋಡಣೆಯಾದ ಖಾತೆಗೆ. ಬೇರೆ ಬ್ಯಾಂಕಿನಲ್ಲಿ ಹೊಸ ಖಾತೆ ತೆರೆದು ಆಧಾರ್ ಜೋಡಿಸಿದರೆ ಹಣ ಅಲ್ಲಿಗೆ ಹೋಗುತ್ತದೆ. ಹಣ ಬಂದಿಲ್ಲ ಎಂದುಕೊಳ್ಳುವ ಮೊದಲು ಎಲ್ಲ ಖಾತೆಗಳನ್ನೂ ಪರಿಶೀಲಿಸಬೇಕು.
* ಕೋರ್ಸ್ ಅಥವಾ ಕಾಲೇಜು ಬದಲಿಸುವ ಮುನ್ನ ವಿದ್ಯಾರ್ಥಿವೇತನದ ನಿಯಮ ವಿಚಾರಿಸುವುದು ಒಳಿತು.

ಒಟ್ಟಿನಲ್ಲಿ, ಮೊದಲ ವರ್ಷದ ಮಂಜೂರಾತಿ ಉಳಿದ ವರ್ಷಗಳಿಗೆ ಖಾತರಿಯಲ್ಲ. ಫಲಿತಾಂಶ ಬಂದ ಕೂಡಲೇ ನವೀಕರಣಕ್ಕೆ ಸಿದ್ಧರಾಗುವ ವಿದ್ಯಾರ್ಥಿ, ಕೊನೆಯ ದಿನಾಂಕ ಕಳೆದ ಮೇಲೆ ಕಚೇರಿಯಿಂದ ಕಚೇರಿಗೆ ಅಲೆಯುವ ಪ್ರಮೇಯ ಬರುವುದಿಲ್ಲ.