44 ದಿನ, ಮೂರು ವರ್ಷ, ಒಂದು ಗೋಲು

1990ರ ಜನವರಿ 7ರಂದು ನಾಟಿಂಗ್‌ಹ್ಯಾಮ್‌ನಲ್ಲಿ ನಡೆದ ಎಫ್.ಎ. ಕಪ್ ಪಂದ್ಯದಲ್ಲಿ ಮಾರ್ಕ್ ರಾಬಿನ್ಸ್ ಎಂಬ ಇಪ್ಪತ್ತರ ಹುಡುಗ ತಲೆಯಿಂದ ಗೋಲು ಹೊಡೆದ. ಮ್ಯಾಂಚೆಸ್ಟರ್ ಯುನೈಟೆಡ್ 1-0ರಿಂದ ಗೆದ್ದಿತು. ಅಲೆಕ್ಸ್ ಫರ್ಗುಸನ್ ಅವರ ಕೆಲಸ ಉಳಿಸಿದ್ದು ಆ ಗೋಲೇ ಎಂಬ ಮಾತು ಇಂಗ್ಲೆಂಡಿನ ಫುಟ್‌ಬಾಲ್ ಲೋಕದಲ್ಲಿ ಇಂದಿಗೂ ಚಾಲ್ತಿಯಲ್ಲಿದೆ. ಅಂದು ಸೋತ ನಾಟಿಂಗ್‌ಹ್ಯಾಮ್ ಫಾರೆಸ್ಟ್ ತಂಡದ ಮ್ಯಾನೇಜರ್ ಬ್ರಯಾನ್ ಕ್ಲಫ್. 1974ರಲ್ಲಿ ಲೀಡ್ಸ್ ಯುನೈಟೆಡ್ ಅವರನ್ನು 44 ದಿನಕ್ಕೇ ಮನೆಗೆ ಕಳಿಸಿತ್ತು.

ಕೋಚ್‌ನನ್ನು ಉಳಿಸಿಕೊಳ್ಳಬೇಕೇ ಬೇಡವೇ ಎಂಬ ಚರ್ಚೆ ಎದ್ದಾಗಲೆಲ್ಲ ಫರ್ಗುಸನ್ ಹೆಸರು ಬರುತ್ತದೆ. 'ತಾಳಿದವನು ಬಾಳಿಯಾನು' ಎಂಬುದಕ್ಕೆ ಅವರೇ ಸಾಕ್ಷಿ. ಆದರೆ ಇತಿಹಾಸ ಅಷ್ಟು ಸರಳವಾದ ಪಾಠ ಹೇಳುತ್ತದೆಯೇ?

1989ರ ಡಿಸೆಂಬರ್‌ನಲ್ಲಿ ನಿಂತು ನೋಡೋಣ. ಫರ್ಗುಸನ್ 1986ರ ನವೆಂಬರ್‌ನಲ್ಲಿ ಬಂದು ಮೂರು ವರ್ಷ ಕಳೆದಿತ್ತು. ಲೀಗ್‌ನಲ್ಲಿ ತಂಡ ಒಮ್ಮೆ ಎರಡನೆಯ ಸ್ಥಾನಕ್ಕೇರಿದರೂ ಮರುವರ್ಷ ಹನ್ನೊಂದಕ್ಕೆ ಕುಸಿದಿತ್ತು. ಆಟಗಾರರ ಖರೀದಿಗೆ ಭಾರೀ ಹಣ ಸುರಿದಾಗಿತ್ತು. ಸೆಪ್ಟೆಂಬರ್‌ನಲ್ಲಿ ಅದೇ ಊರಿನ ಮ್ಯಾಂಚೆಸ್ಟರ್ ಸಿಟಿ 5-1ರಿಂದ ಬಗ್ಗುಬಡಿದಿತ್ತು. ಡಿಸೆಂಬರ್‌ನಲ್ಲಂತೂ ಲೀಗ್‌ನ ಒಂದು ಪಂದ್ಯವನ್ನೂ ಗೆಲ್ಲಲಿಲ್ಲ. ಮೂರು ವರ್ಷ ನೆಪ ಕೇಳಿದ್ದು ಸಾಕು, ಹೊರಡಿ ಎಂಬರ್ಥದ ಬ್ಯಾನರ್ ತವರು ಮೈದಾನದಲ್ಲೇ ಹಾರಾಡಿತು. ಅದನ್ನು ಹಿಡಿದ ಅಭಿಮಾನಿ ಮೂರ್ಖನಲ್ಲ. ಅಂಕಪಟ್ಟಿ ಅವನ ಪರವಾಗಿಯೇ ಇತ್ತು.

ಆಡಳಿತ ಮಂಡಳಿಯ ಕಣ್ಣಿಗೆ ಬೀಳುತ್ತಿದ್ದದ್ದು ಬೇರೆ. ಫರ್ಗುಸನ್ ಎಳೆಯ ಆಟಗಾರರನ್ನು ಹುಡುಕುವ ಜಾಲವನ್ನು ಹೊಸದಾಗಿ ಕಟ್ಟುತ್ತಿದ್ದರು. ತಂಡದೊಳಗಿನ ಕುಡಿತದ ಚಾಳಿಯನ್ನು ಮಟ್ಟಹಾಕಲು ಹೊರಟಿದ್ದರು. ಫಾರೆಸ್ಟ್ ವಿರುದ್ಧ ಸೋತಿದ್ದರೂ ಅವರನ್ನು ತೆಗೆಯುತ್ತಿರಲಿಲ್ಲವೆಂದು ಅಧ್ಯಕ್ಷ ಮಾರ್ಟಿನ್ ಎಡ್ವರ್ಡ್ಸ್ ಮುಂದೆ ಹೇಳಿದರು. ಆ ವರ್ಷ ಲೀಗ್‌ನಲ್ಲಿ 13ನೆಯ ಸ್ಥಾನವೇ ಸಿಕ್ಕಿದರೂ ಕಪ್ ಕೈಸೇರಿತು. 1993ರಲ್ಲಿ, 26 ವರ್ಷಗಳ ಬಳಿಕ, ಲೀಗ್ ಪ್ರಶಸ್ತಿಯೂ ಬಂತು.

ಹಾಗಾದರೆ ಲೀಡ್ಸ್ ಮಾಡಿದ್ದು ತಪ್ಪೇ? ಕ್ಲಫ್ ಬಂದಾಗ ಆ ತಂಡ ಇಂಗ್ಲೆಂಡಿನ ಚಾಂಪಿಯನ್. ಅದರ ಆಟದ ರೀತಿಯನ್ನು ವರ್ಷಗಟ್ಟಲೆ ಬಹಿರಂಗವಾಗಿ ಹಳಿದವರು ಕ್ಲಫ್. ಅವರ ಬಲಗೈಯಂತಿದ್ದ ಪೀಟರ್ ಟೇಲರ್ ಜೊತೆಗೆ ಬರಲಿಲ್ಲ. ಆಟಗಾರರು ತಿರುಗಿಬಿದ್ದರು. ಆರು ಲೀಗ್ ಪಂದ್ಯಗಳಲ್ಲಿ ಸಿಕ್ಕಿದ್ದು ಒಂದೇ ಗೆಲುವು. ಕ್ಲಫ್ ಹೋದ ಮೇಲೆ ಜಿಮ್ಮಿ ಆರ್ಮ್‌ಫೀಲ್ಡ್ ಕೈಯಲ್ಲಿ ಅದೇ ತಂಡ 1975ರ ಯುರೋಪಿಯನ್ ಕಪ್ ಫೈನಲ್ ತಲುಪಿತು. ಕ್ಲಫ್ ಅವರೂ ಸೋಲಲಿಲ್ಲ. ಎರಡನೆಯ ದರ್ಜೆಯಲ್ಲಿದ್ದ ಫಾರೆಸ್ಟನ್ನು ಮೇಲೆತ್ತಿ, 1979 ಮತ್ತು 1980ರಲ್ಲಿ ಯುರೋಪಿಯನ್ ಕಪ್ ಗೆದ್ದುಕೊಟ್ಟರು. ಕ್ಲಫ್ ಮಹಾನ್ ಕೋಚ್ ಎಂಬುದೂ ನಿಜ, ಲೀಡ್ಸ್‌ಗೆ ಅವರು ಹೊಂದಲಿಲ್ಲವೆಂಬುದೂ ನಿಜ.

ತಾಳ್ಮೆಗೂ ಬೆಲೆ ತೆರಬೇಕಾಗುತ್ತದೆ. ಫಾರೆಸ್ಟ್ ತನ್ನ ಕ್ಲಫ್ ಅವರನ್ನು 18 ವರ್ಷ ಇಟ್ಟುಕೊಂಡಿತು. ಅಷ್ಟೆಲ್ಲ ಕೊಟ್ಟವರನ್ನು ಹೋಗಿ ಎನ್ನಲು ಯಾರಿಗೆ ಬಾಯಿ ಬರುತ್ತದೆ? 1993ರಲ್ಲಿ ಫಾರೆಸ್ಟ್ ಪಟ್ಟಿಯ ತಳಕ್ಕಿಳಿದು ಕೆಳದರ್ಜೆಗೆ ಜಾರಿತು; ಕ್ಲಫ್ ನಿವೃತ್ತರಾದರು. ಅದೇ ಪಟ್ಟಿಯ ತುದಿಯಲ್ಲಿ ಫರ್ಗುಸನ್ ತಂಡವಿತ್ತು.

ತಾಳ್ಮೆಯಿಂದ ಗೆದ್ದವರ ಕಥೆಯನ್ನಷ್ಟೇ ನಾವು ನೆನಪಿಡುತ್ತೇವೆ. ತಾಳ್ಮೆ ತೋರಿಯೂ ಮುಳುಗಿದ ತಂಡಗಳ ಕಥೆಯನ್ನು ಯಾರೂ ಉದಾಹರಣೆಯಾಗಿ ಕೊಡುವುದಿಲ್ಲ. ಆದ್ದರಿಂದ ಎಷ್ಟು ದಿನ ಕಾಯಬೇಕು ಎನ್ನುವುದಕ್ಕಿಂತ ಕಾಯುವಾಗ ಕಟ್ಟಡ ಏಳುತ್ತಿದೆಯೇ ಎಂದು ಕೇಳುವುದು ಮೇಲು. 1989ರಲ್ಲಿ ಯುನೈಟೆಡ್‌ನಲ್ಲಿ ಅಡಿಪಾಯ ಕಾಣುತ್ತಿತ್ತು. 1974ರ ಲೀಡ್ಸ್‌ನಲ್ಲಿ ಕಾಣುತ್ತಿದ್ದದ್ದು ಬಿರುಕು ಮಾತ್ರ.

2013ರಲ್ಲಿ ಫರ್ಗುಸನ್ ನಿವೃತ್ತರಾಗುತ್ತ, ಹೊಸಬರ ಬೆನ್ನಿಗೆ ನಿಲ್ಲಿ ಎಂದು ಅಭಿಮಾನಿಗಳನ್ನು ಕೇಳಿಕೊಂಡರು. ಹೊಸ ಮ್ಯಾನೇಜರ್ ಡೇವಿಡ್ ಮೋಯೆಸ್ ಅವರಿಗೆ ಆರು ವರ್ಷಗಳ ಒಪ್ಪಂದ ಸಿಕ್ಕಿತು. ಅವರು ಉಳಿದದ್ದು ಹತ್ತೇ ತಿಂಗಳು.