ಅದಲು ಬದಲಾದ ದಾಯಾದಿಗಳು

ಕಮೊಡೋರ್ ಕಂಪನಿಯ ಅಮಿಗಾ, ಅಟಾರಿ ಕಂಪನಿಯ ಎಸ್‌ಟಿ. ಎರಡೂ 1985ರಲ್ಲಿ ಅಮೆರಿಕದಲ್ಲಿ ಮಾರುಕಟ್ಟೆಗೆ ಬಂದ ಕಂಪ್ಯೂಟರುಗಳು. ಯಾವುದು ಮೇಲು ಎಂದು ಅವುಗಳ ಅಭಿಮಾನಿಗಳು ವರ್ಷಗಟ್ಟಲೆ ಜಗಳವಾಡಿದರು. ವಂಶಾವಳಿ ಬಿಡಿಸಿ ನೋಡಿದರೆ ಅಮಿಗಾ ಹುಟ್ಟಬೇಕಿದ್ದುದು ಅಟಾರಿ ಮನೆಯಲ್ಲಿ. ಎಸ್‌ಟಿ ಕಟ್ಟಿದವರು ಕಮೊಡೋರ್ ಬಿಟ್ಟು ಬಂದವರು. ದಾಯಾದಿಗಳ ಕೂಸುಗಳು ಅದಲು ಬದಲಾಗಿದ್ದವು.

ಚಿಪ್ ವಿನ್ಯಾಸದಲ್ಲೇ ಬದುಕು ಕಳೆದವನು ನಾನು. ಆದ್ದರಿಂದ ಮೊದಲು ಜೇ ಮೈನರ್ ಅವರ ಮಾತು. 1977ರ ಅಟಾರಿ 2600 ಆಟದ ಪೆಟ್ಟಿಗೆಯ ಚಿತ್ರದ ಚಿಪ್ಪು, 1979ರ ಅಟಾರಿ 400 ಮತ್ತು 800 ಕಂಪ್ಯೂಟರುಗಳ ಚಿಪ್ಪುಗಳ ಹಿಂದೆ ಇದ್ದವರು ಅವರು. ಮೊಟೊರೊಲಾದ ಹೊಸ 68000 ಪ್ರೊಸೆಸರ್ ಮೇಲೆ ಮುಂದಿನ ಯಂತ್ರ ಕಟ್ಟೋಣವೆಂದರು, ಅಟಾರಿ ಒಪ್ಪಲಿಲ್ಲ. ಕೆಲಸ ಬಿಟ್ಟರು. 1982ರಲ್ಲಿ ಶುರುವಾಗಿ ಆಮೇಲೆ ಅಮಿಗಾ ಎಂಬ ಹೆಸರು ಪಡೆದ ಪುಟ್ಟ ಕಂಪನಿಯಲ್ಲಿ ಆ ಆಸೆಗೆ ಕೈಹಾಕಿದರು. ದುಡ್ಡು ಮುಗಿಯುತ್ತ ಬಂದಾಗ 5 ಲಕ್ಷ ಡಾಲರ್ ಕೊಟ್ಟದ್ದು ಅದೇ ಅಟಾರಿ. 1984ರ ಜೂನ್ ಕೊನೆಗೆ ಅಮಿಗಾ ಆ ಹಣವನ್ನು ಹಿಂದಿರುಗಿಸಿತು. ಅದರ ಹಿಂದಿದ್ದದ್ದು ಕಮೊಡೋರ್ ದುಡ್ಡು. ಕೆಲವೇ ವಾರಗಳಲ್ಲಿ ಅಮಿಗಾ ಕಂಪನಿಯೇ ಕಮೊಡೋರ್ ಪಾಲಾಯಿತು.

ಅತ್ತ ಕಮೊಡೋರ್ ಕಟ್ಟಿದ ಜಾಕ್ ಟ್ರಾಮಿಯೆಲ್ ಅದೇ ವರ್ಷದ ಜನವರಿಯಲ್ಲಿ ತಮ್ಮದೇ ಕಂಪನಿಯಿಂದ ಹೊರನಡೆದಿದ್ದರು. ಪೋಲೆಂಡಿನಲ್ಲಿ ಹುಟ್ಟಿ, ಆಶ್ವಿಟ್ಸ್ ಶಿಬಿರದಿಂದ ಜೀವಸಹಿತ ಹೊರಬಂದು, ಅಮೆರಿಕದಲ್ಲಿ ಟೈಪ್‌ರೈಟರ್ ರಿಪೇರಿಯಿಂದ ಮೇಲೆದ್ದ ಮನುಷ್ಯ. ಸುಮ್ಮನೆ ಕೂರುವ ಜಾತಿಯಲ್ಲ. ಜುಲೈಯಲ್ಲಿ ವಾರ್ನರ್ ಕಂಪನಿಯಿಂದ ಅಟಾರಿಯ ಕಂಪ್ಯೂಟರ್ ವಿಭಾಗವನ್ನು ಕೊಂಡರು. ಶಿರಾಜ್ ಶಿವ್‌ಜಿ ಮೊದಲಾದ ಕಮೊಡೋರ್ ಎಂಜಿನಿಯರುಗಳು ಅವರ ಜೊತೆ ಬಂದರು. ನಮ್ಮ ಗುಟ್ಟು ಕದ್ದರೆಂದು ಕಮೊಡೋರ್ ಕೋರ್ಟಿಗೆ ಹೋಯಿತು. 5 ಲಕ್ಷ ಡಾಲರ್ ಕೊಟ್ಟಾಗಿನ ಒಪ್ಪಂದ ಮುರಿದರೆಂದು ಅಟಾರಿ ಅಮಿಗಾ ಮೇಲೆ ದಾವೆ ಹೂಡಿತು. 1985ರ ಜನವರಿಯ ಪ್ರದರ್ಶನದಲ್ಲಿ ಎಸ್‌ಟಿ ಜನರ ಕಣ್ಣಿಗೆ ಬಿತ್ತು. ಆರೇ ತಿಂಗಳಲ್ಲಿ! ಚಿಪ್ ಕೆಲಸದ ವೇಗ ಬಲ್ಲವರಿಗೆ ಇದು ಎಂಥ ಸಾಹಸವೆಂದು ಗೊತ್ತು.

ಎರಡರ ಮುಚ್ಚಳವನ್ನೂ ತೆಗೆದು ನೋಡಿದ್ದೇನೆ. ಒಳಗೆ ಅದೇ 68000, ಅಷ್ಟುದ್ದದ 64 ಕಾಲಿನ ಚಿಪ್ಪು. ಸುತ್ತಲಿನ ಸಂಸಾರ ಮಾತ್ರ ಬೇರೆ. ಎಸ್‌ಟಿಯ ಧ್ವನಿಗೆ ಅಂಗಡಿಯಲ್ಲಿ ಸಿಗುವ ಯಮಾಹಾ ಚಿಪ್ಪು, ಪರದೆಯ ಮೇಲೆ ಡಿಜಿಟಲ್ ರಿಸರ್ಚ್ ಕಂಪನಿಯ ಜೆಮ್ ಎಂಬ ಚಿತ್ರರೂಪಿ ತಂತ್ರಾಂಶ. ಅದಕ್ಕೇ ಕಪ್ಪು ಬಿಳುಪು ಮಾನಿಟರ್ ಸೇರಿಸಿ 799 ಡಾಲರಿಗೆ ಕೊಡಲು ಸಾಧ್ಯವಾಯಿತು. ಅಮಿಗಾ ಮಾನಿಟರ್ ಇಲ್ಲದೆಯೇ 1295. ಆ ದುಡ್ಡು ಹೋದದ್ದು ಆಗ್ನಸ್, ಡೆನೀಸ್, ಪೌಲಾ ಎಂಬ ಮೂರು ಸ್ವಂತ ಚಿಪ್ಪುಗಳಿಗೆ: 4096 ಬಣ್ಣ, ನಾಲ್ಕು ಚಾನೆಲ್ ಸ್ಟೀರಿಯೊ ಧ್ವನಿ, ಪ್ರೊಸೆಸರಿಗೆ ತೊಂದರೆ ಕೊಡದೆ ಚಿತ್ರ ಸರಿಸುವ ಬ್ಲಿಟರ್. ಮೊದಲ ಅಮಿಗಾದ ಮುಚ್ಚಳದ ಒಳಮೈಯಲ್ಲಿ ಕಟ್ಟಿದವರ ಸಹಿಗಳಿವೆ, ಜೊತೆಗೆ ಮೈನರ್ ಸಾಕಿದ್ದ ಮಿಚಿ ನಾಯಿಯ ಪಂಜದ ಗುರುತು. ಮಾಡಿದ ಕೆಲಸದ ಮೇಲೆ ಅಂಥ ಅಕ್ಕರೆ ನಾನು ಬೇರೆ ಯಂತ್ರದಲ್ಲಿ ಕಂಡಿಲ್ಲ.

ಎಸ್‌ಟಿಯನ್ನು ಬರೀ ಅಗ್ಗದ ಮಾಲೆಂದರೆ ಒಪ್ಪಲಾರೆ. ಟ್ರಾಮಿಯೆಲ್ ಬಳಗ ಅದಕ್ಕೆ ಎರಡು ಮಿಡಿ ಪೋರ್ಟ್ ಇಟ್ಟಿತು. ಸಿಂಥಸೈಜರಿನ ವೈರನ್ನು ನೇರ ಚುಚ್ಚಬಹುದಿತ್ತು. ಸಂಗೀತಗಾರರು ಮುಗಿಬಿದ್ದರು, ಇಂದಿಗೂ ಸ್ಟುಡಿಯೊಗಳಲ್ಲಿ ಓಡುವ ಸಂಗೀತ ತಂತ್ರಾಂಶ ಕ್ಯೂಬೇಸ್ 1989ರಲ್ಲಿ ಮೊದಲು ಬಂದದ್ದು ಎಸ್‌ಟಿ ಮೇಲೆ.

1994ರ ಏಪ್ರಿಲ್ ಕೊನೆಗೆ ಕಮೊಡೋರ್ ಬಾಗಿಲು ಹಾಕಿತು, ಜೂನಿನಲ್ಲಿ ಮೈನರ್ ತೀರಿಕೊಂಡರು. 1996ರಲ್ಲಿ ಅಟಾರಿ ಇನ್ನೊಂದು ಕಂಪನಿಯೊಳಗೆ ಕರಗಿತು. ನನಗೆ ಹೆಚ್ಚು ನೋವು ಕೊಡುವುದು ಅದಕ್ಕೂ ಮೊದಲಿನ ಸಂಗತಿ. ಪ್ರೊಸೆಸರ್ ಒಂದೇ ಆದ್ದರಿಂದ ಎಸ್‌ಟಿಗೆ ಬರೆದ ಆಟವನ್ನು ಅಮಿಗಾಕ್ಕೆ ದಾಟಿಸುವುದು ಸುಲಭವಿತ್ತು. ಎಷ್ಟೋ ಕಂಪನಿಗಳು ಹಾಗೆಯೇ ಮಾಡಿದವು. ಮೈನರ್ ವರ್ಷಗಟ್ಟಲೆ ಬೆವರಿಳಿಸಿ ಮಾಡಿದ ಬ್ಲಿಟರಿಗೆ ಆ ಆಟಗಳಲ್ಲಿ ಮಾಡಲು ಕೆಲಸವೇ ಇರುತ್ತಿರಲಿಲ್ಲ.