ಆದೇಶವಾಗದ ಕಾಗದ

2019ರ ಮಾರ್ಚ್ 10, ಭಾನುವಾರ. ಇಥಿಯೋಪಿಯಾದಲ್ಲಿ ಬೋಯಿಂಗ್ 737 ಮ್ಯಾಕ್ಸ್ ಬಿದ್ದು 157 ಜನ ಸತ್ತಿದ್ದರು. ನಾಲ್ಕೂವರೆ ತಿಂಗಳ ಹಿಂದೆ ಇಂಡೋನೇಷ್ಯಾದಲ್ಲಿ ಇದೇ ಮಾದರಿಯ ವಿಮಾನ ಸಮುದ್ರಕ್ಕೆ ಬಿದ್ದು 189 ಜನ ಹೋಗಿದ್ದರು. ಒಟ್ಟು 346. ಸ್ಟುಡಿಯೋದಲ್ಲಿ ಆ ಸಂಖ್ಯೆ ಓದುವಾಗ, ಇದನ್ನ ಎಲ್ಲೋ ಕೇಳಿದ್ದೀನಲ್ಲ ಅನ್ನಿಸಿತು.

ಕೇಳಿದ್ದೆ, ನಿಜ. 1974ರ ಮಾರ್ಚ್ 3ರಂದು ಪ್ಯಾರಿಸ್ ಹೊರಗಿನ ಎರ್ಮನೋನ್ವಿಲ್ ಕಾಡಿನಲ್ಲಿ ಟರ್ಕಿಶ್ ಏರ್‌ಲೈನ್ಸ್‌ನ ಡಿಸಿ-10 ವಿಮಾನ ಬಿದ್ದಿತ್ತು. ಅದರಲ್ಲಿ ಸತ್ತವರೂ 346 ಜನ. ಕಾಕತಾಳೀಯವೇ ಇರಬಹುದು. ಆದರೆ ಆ ಹಳೇ ಕಥೆ ನಿಮಗೆ ಹೇಳಲೇಬೇಕು.

ಕಥೆ ಇರೋದು ಒಂದು ಬಾಗಿಲಿನದು. ಡಿಸಿ-10 ತಯಾರಿಸಿದ್ದು ಮೆಕ್‌ಡೊನೆಲ್ ಡಗ್ಲಾಸ್. ಪಕ್ಕದಲ್ಲೇ ಲಾಕ್‌ಹೀಡ್ ಟ್ರೈಸ್ಟಾರ್ ತರ್ತಾ ಇತ್ತು, ಯಾರು ಮೊದಲು ಅನ್ನೋ ಓಟ. ಡಿಸಿ-10ರ ಸರಕಿನ ಬಾಗಿಲು ಹೊರಗಡೆಗೆ ತೆರೆಯುವಂಥದ್ದು. ಒಳಗಡೆಗೆ ತೆರೆಯುವ ಬಾಗಿಲನ್ನು ಗಾಳಿಯ ಒತ್ತಡವೇ ಬಿಗಿಯಾಗಿ ಹಿಡಿಯುತ್ತೆ. ಇಲ್ಲಿ ಹಾಗಲ್ಲ, ಎಲ್ಲಾ ಭಾರ ಕೊಕ್ಕೆಗಳ ಮೇಲೆ. ಕೊಕ್ಕೆ ಪೂರ್ತಿ ಕೂರದಿದ್ದರೂ, ಜೋರಾಗಿ ಒತ್ತಿದರೆ ಹೊರಗಿನ ಹಿಡಿ ಮುಚ್ಚಿಕೊಳ್ಳುತ್ತಿತ್ತು. ನೋಡಿದವರಿಗೆ ಬಾಗಿಲು ಭದ್ರವಾಗಿದೆ ಅಂತಲೇ ಅನ್ನಿಸುತ್ತೆ. 1970ರಲ್ಲಿ, ವಿಮಾನ ಇನ್ನೂ ನೆಲದ ಮೇಲೇ ಇದ್ದಾಗ, ಒತ್ತಡ ಪರೀಕ್ಷೆಯಲ್ಲಿ ಈ ಬಾಗಿಲು ಸಿಡಿದು ಮೇಲಿನ ನೆಲಹಾಸೇ ಕುಸಿದಿತ್ತು. ಆ ನೆಲದ ಕೆಳಗೇ ವಿಮಾನವನ್ನು ನಿಯಂತ್ರಿಸುವ ಕೇಬಲ್‌ಗಳು ಹಾದುಹೋಗ್ತವೆ. ಆದರೂ 1971ರಲ್ಲಿ ಸರ್ಟಿಫಿಕೇಟ್ ಸಿಕ್ಕಿತು.

1972ರ ಜೂನ್ 12ರಂದು ಕೆನಡಾದ ವಿಂಡ್ಸರ್ ಮೇಲೆ ಅಮೆರಿಕನ್ ಏರ್‌ಲೈನ್ಸ್‌ನ ಡಿಸಿ-10ರ ಬಾಗಿಲು ಕಿತ್ತುಹೋಯಿತು. ಸರಕಿನಲ್ಲಿದ್ದ ಒಂದು ಶವಪೆಟ್ಟಿಗೆ ಆಕಾಶದಿಂದ ಕೆಳಗೆ ಬಿತ್ತು. ಕ್ಯಾಪ್ಟನ್ ಬ್ರೈಸ್ ಮೆಕ್‌ಕಾರ್ಮಿಕ್ ಹೇಗೋ ಡೆಟ್ರಾಯಿಟ್‌ನಲ್ಲಿ ಇಳಿಸಿದರು, 67 ಜನರೂ ಉಳಿದರು.

ಈಗ ಕೇಳಿ. ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎಯ ಸ್ಥಳೀಯ ಅಧಿಕಾರಿಗಳು ಕಡ್ಡಾಯ ಆದೇಶದ ಕಾಗದ ಸಿದ್ಧಮಾಡ್ತಾ ಇದ್ದರು. ಅಷ್ಟರಲ್ಲಿ, ಘಟನೆಯಾದ ನಾಲ್ಕೇ ದಿನಕ್ಕೆ, ಅಧ್ಯಕ್ಷ ನಿಕ್ಸನ್ ನೇಮಿಸಿದ್ದ ಎಫ್‌ಎಎ ಮುಖ್ಯಸ್ಥ ಜಾನ್ ಶಾಫರ್ ಅವರೇ ಡಗ್ಲಾಸ್ ವಿಭಾಗದ ಅಧ್ಯಕ್ಷ ಜಾಕ್ಸನ್ ಮೆಕ್‌ಗೋವನ್‌ಗೆ ಫೋನ್ ಮಾಡಿದರು. ಆದೇಶ ಬೇಡ, ಕಂಪನಿಯೇ ಸರಿಪಡಿಸುತ್ತೆ ಅಂತ ಮಾತಾಯಿತು. ಚರಿತ್ರೆಯಲ್ಲಿ ಅದಕ್ಕೆ 'ಜಂಟಲ್‌ಮನ್ಸ್ ಅಗ್ರಿಮೆಂಟ್' ಅಂತ ಹೆಸರು. ಹೆಸರು ಎಷ್ಟು ಚೆನ್ನಾಗಿದೆ, ಅಲ್ವಾ? ಆದೇಶವಾಗಿದ್ದರೆ ಮೀರಿದವರಿಗೆ ದಂಡ, ವಿಮಾನ ಹಾರುವಂತಿಲ್ಲ. ಸಲಹೆಯಾದರೆ ಮಾಡಿದರೂ ಸರಿ, ತಡಮಾಡಿದರೂ ಸರಿ.

ಅದೇ ಜೂನ್ 27ರಂದು, ಬಾಗಿಲು ತಯಾರಿಸಿದ ಕಾನ್ವೇರ್ ಸಂಸ್ಥೆಯ ಹಿರಿಯ ಎಂಜಿನಿಯರ್ ಡ್ಯಾನ್ ಆಪಲ್‌ಗೇಟ್ ತಮ್ಮ ಮೇಲಿನವರಿಗೆ ಪತ್ರ ಬರೆದರು. ಮುಂದೆ ಈ ಬಾಗಿಲುಗಳು ಮತ್ತೆ ತೆರೆದುಕೊಳ್ಳುತ್ತವೆ, ಆಗ ವಿಮಾನವೇ ಹೋಗುತ್ತೆ ಅನ್ನೋದು ಅದರ ಸಾರಾಂಶ. ಮೇಲಿನವರು ಅವರು ಹೇಳಿದ್ದನ್ನ ಸುಳ್ಳು ಅನ್ನಲಿಲ್ಲ. ಅವರ ಚಿಂತೆ ಬೇರೆ: ನಾವೇ ಬಾಯಿಬಿಟ್ಟರೆ ದುರಸ್ತಿಯ ಖರ್ಚು ನಮ್ಮ ತಲೆಗೇ ಬರುತ್ತೆ. ಪತ್ರ ಅಲ್ಲೇ ಉಳಿಯಿತು.

ಟರ್ಕಿಯ ವಿಮಾನ ಕಾರ್ಖಾನೆಯಿಂದ ಹೊರಬಿದ್ದಿದ್ದು ವಿಂಡ್ಸರ್ ಘಟನೆಯ ನಂತರ, ಅದೇ ವರ್ಷದ ಕೊನೆಗೆ. ದಾಖಲೆಯಲ್ಲಿ ದುರಸ್ತಿ ಮುಗಿದಿದೆ ಅಂತ ಮೊಹರು ಬಿದ್ದಿತ್ತು, ಆದರೆ ಬಾಗಿಲಿಗೆ ಹಾಕಬೇಕಿದ್ದ ಆಧಾರದ ತಗಡೇ ಇರಲಿಲ್ಲ. ಬೀಗ ಬಿದ್ದಿದೆಯೋ ಇಲ್ಲವೋ ನೋಡಲು ಒಂದು ಪುಟ್ಟ ಕಿಂಡಿ ಇಟ್ಟಿದ್ದರು. ಸೂಚನೆ ಇದ್ದಿದ್ದು ಇಂಗ್ಲಿಷ್ ಮತ್ತು ಟರ್ಕಿ ಭಾಷೆಗಳಲ್ಲಿ. ಆ ದಿನ ಓರ್ಲಿ ನಿಲ್ದಾಣದಲ್ಲಿ ಬಾಗಿಲು ಮುಚ್ಚಿದ ಕಾರ್ಮಿಕ ಮೂರು ಭಾಷೆ ಬಲ್ಲವನು, ಆದರೆ ಆ ಎರಡನ್ನೂ ಓದಲು ಬರ್ತಿರಲಿಲ್ಲ. ಮೊದಮೊದಲು ತಪ್ಪು ಹೊರಿಸಿದ್ದೂ ಅವನ ಮೇಲೇ! ಬ್ರಿಟನ್ನಿನಲ್ಲಿ ವಿಮಾನಯಾನ ನೌಕರರ ಮುಷ್ಕರ ನಡೀತಿದ್ದರಿಂದ ಲಂಡನ್‌ಗೆ ಹೊರಟ ಎಷ್ಟೋ ಜನ ಸಿಕ್ಕಿದ ಈ ವಿಮಾನ ಹತ್ತಿದ್ದರು.

ಎರ್ಮನೋನ್ವಿಲ್ ಆದ ಮೇಲೆ ಎಫ್‌ಎಎ ಕಡ್ಡಾಯ ಆದೇಶ ಹೊರಡಿಸಿತು.

737 ಮ್ಯಾಕ್ಸ್‌ನಲ್ಲಿ ತಪ್ಪಿದ್ದು ಬಾಗಿಲಲ್ಲ, ಒಂದೇ ಸೆನ್ಸರ್ ನಂಬಿ ವಿಮಾನದ ಮೂತಿಯನ್ನು ಕೆಳಗೆ ಒತ್ತುತ್ತಿದ್ದ ಎಂಸಿಎಎಸ್ ಸಾಫ್ಟ್‌ವೇರ್. ಪರಿಶೀಲನೆಯ ಬಹುಪಾಲು ಕೆಲಸ ಬೋಯಿಂಗ್‌ನ ಉದ್ಯೋಗಿಗಳ ಕೈಯಲ್ಲೇ ಇತ್ತು. ಇಥಿಯೋಪಿಯಾದ ಅಪಘಾತವಾದ ಮರುದಿನವೇ ಚೀನಾ ಮ್ಯಾಕ್ಸ್ ಹಾರಾಟ ನಿಲ್ಲಿಸಿತು. ನಮ್ಮ ಡಿಜಿಸಿಎ 12ರ ರಾತ್ರಿ ನಿಲ್ಲಿಸಿತು. ಅದೇ 12ರಂದು, ನಿಲ್ಲಿಸಲು ಆಧಾರವಿಲ್ಲ ಅಂತ ಎಫ್‌ಎಎ ಹೇಳ್ತಾ ಇತ್ತು. ಅಮೆರಿಕ ನಿಲ್ಲಿಸಿದ್ದು 13ಕ್ಕೆ.